ಟಾಮ್‌ಗೆ ಭಾಷೆ ಬೇಡ, ಭೀಮನಿಗೆ ಬೇಕು!

ವೀಕ್ಷಕರೇ, ಮೂವತ್ತು ದಾಟಿದ ಮೇಲೂ ಕಾರ್ಟೂನ್ ನೋಡುವವರ ಸಂಘ ಅಂತ ಜಯನಗರದಲ್ಲಿ ಯಾರಾದರೂ ಕಟ್ಟಿದರೆ, ಮೊದಲ ಆಜೀವ ಸದಸ್ಯ ನಾನೇ. ದಿನವಿಡೀ ಸ್ಟುಡಿಯೋದಲ್ಲಿ ಜಗಳ ಬಿಡಿಸುವವನಿಗೆ ಟಾಮ್ ಅಂಡ್ ಜೆರ್ರಿ ಜಗಳವೇ ವಿಶ್ರಾಂತಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕೋದಿಲ್ಲ ನೋಡಿ!

ನಮ್ಮ ವಯಸ್ಸಿನವರ ಗೊಣಗಾಟ ಒಂದೇ. "ಈಗಿನ ಕಾರ್ಟೂನ್‌ನಲ್ಲಿ ಏನಿದೆ ಸ್ವಾಮಿ? ಗೊಂಬೆ ಕುಣಿಸಿದ ಹಾಗಿರುತ್ತೆ." ಇದರಲ್ಲಿ ಅರ್ಧ ಸತ್ಯ ಇದೆ. ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಲೆಕ್ಕ ಹಾಕಿಯೇ ಹೇಳ್ತೀನಿ.

ಟಾಮ್ ಅಂಡ್ ಜೆರ್ರಿ 1940ರಲ್ಲಿ ಹುಟ್ಟಿದ್ದು ಚಿತ್ರಮಂದಿರಕ್ಕಾಗಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಏಳು ನಿಮಿಷದ ಕಥೆಗೆ 10,080 ಫ್ರೇಮು. ಒಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಬಳಸಿದರೂ ಕೈಯಲ್ಲಿ ಬರೆಯಬೇಕಾದ ಚಿತ್ರಗಳು ಐದು ಸಾವಿರ ದಾಟುತ್ತವೆ. ಈ ಸರಣಿಗೆ ಏಳು ಆಸ್ಕರ್ ಸುಮ್ಮನೆ ಬರಲಿಲ್ಲ.

ಆಮೇಲೆ ಟಿವಿ ಬಂತು, ಬಜೆಟ್ ಇಳಿಯಿತು. ಅದೇ ಹಾನಾ-ಬಾರ್ಬೆರಾ ಜೋಡಿ ಒಂದು ಉಪಾಯ ಮಾಡಿತು. ಯೋಗಿ ಕರಡಿಯ ಮೈಮೇಲೆ ಅಂಗಿ ಇಲ್ಲ, ಆದರೆ ಕೊರಳಿಗೆ ಕಾಲರ್ ಇದೆ. ಯಾಕೆ ಗೊತ್ತಾ? ಮೈಯನ್ನು ಹಾಗೇ ಬಿಟ್ಟು ತಲೆಯನ್ನು ಮಾತ್ರ ಹೊಸದಾಗಿ ಬರೆದರೆ ಕೆಲಸ ಕಡಿಮೆ. ಆ ಜೋಡಣೆಯ ಗೆರೆ ಮುಚ್ಚೋದಕ್ಕೆ ಕಾಲರ್! ಅಂದರೆ ಗೊಂಬೆ ಕುಣಿಸುವ ಈ ಕಲೆ ನಮ್ಮ ತಾತಂದಿರ ಕಾಲದ್ದು. ಈಗ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತೆ, ಅಷ್ಟೇ. ಹೊಸ ಕಾಲದವರು ಅಂತ ನಾವು ಬೈಯುವ ಮೋಟು-ಪತ್ಲು ಕೂಡ 'ಲೋಟ್‌ಪೋಟ್' ಅನ್ನೋ ಹಿಂದಿ ಪತ್ರಿಕೆಯಿಂದ ಟಿವಿಗೆ ಬಂದ ಹಳಬರೇ.

ಹಾಗಾದರೆ ನಾವು ನಿಜವಾಗಿ ಕಳೆದುಕೊಂಡಿದ್ದೇನು? ನನ್ನ ಪ್ರಕಾರ ಚಿತ್ರವನ್ನಲ್ಲ, ಮಾತನ್ನು.

ಟಾಮ್ ಮಾತಾಡೋದಿಲ್ಲ, ಅವನಿಗೆ ಯಾವ ಭಾಷೆಯೂ ಬೇಡ. ಆದರೆ ತೊಂಬತ್ತರ ದಶಕದಲ್ಲಿ ದೂರದರ್ಶನದ ಮೋಗ್ಲಿ ನಮ್ಮ ಮನೆಗಳಿಗೆ ಬಂದಿದ್ದು ಹಿಂದಿಯಲ್ಲಿ. ಬನಶಂಕರಿ, ಜೆ.ಪಿ. ನಗರದ ಎಷ್ಟೋ ಮಕ್ಕಳಿಗೆ ಕಾಡಿನ ತೋಳಗಳೇ ಹಿಂದಿ ಮೇಷ್ಟ್ರು! ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ವಿರೋಧವಿತ್ತು. ಕಲಾವಿದರ ಅನ್ನದ ಪ್ರಶ್ನೆ ಅದು, ಹಗುರವಾಗಿ ನೋಡುವಂಥದ್ದಲ್ಲ. ಆದರೆ ಆ ಜಗಳದ ಮಧ್ಯೆ ಮಕ್ಕಳನ್ನು ಕೇಳಿದವರು ಕಡಿಮೆ. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನ್‌ಗಳು ದಿನವಿಡೀ ಕನ್ನಡ ಮಾತಾಡತೊಡಗಿದವು. ಡಬ್ಬಿಂಗ್ ತಡೆಯೋದು ಸ್ಪರ್ಧಾ ನಿಯಮಕ್ಕೆ ವಿರುದ್ಧ ಅಂತ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ನನ್ನ ತಲೆಮಾರು ಬೆಳೆದು, ಕೆಲಸಕ್ಕೆ ಸೇರಿ, ಸಾಲದ ಕಂತು ಕಟ್ಟುತ್ತಿತ್ತು.

ಇನ್ನೊಂದು ಮಜಾ ಕೇಳಿ. ಅಮರ ಚಿತ್ರ ಕಥೆಯ ಹೆಸರು ಬಂದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ನೆನಪಾಗುತ್ತಾರೆ. ಸರಿಯೇ. ಆದರೆ ಇಂಗ್ಲಿಷ್ ಸರಣಿ ಶುರುವಾಗೋದು 'ಕೃಷ್ಣ'ನಿಂದ, ಆ ಪುಸ್ತಕದ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿದ್ದವು! 1965ರಲ್ಲಿ ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಬಂದ, ಪಶ್ಚಿಮದ ಕಥೆಗಳ ಕನ್ನಡ ರೂಪ. ಅವು ಚೆನ್ನಾಗಿ ಮಾರಾಟವಾದ್ದರಿಂದಲೇ ಮುಂಬೈಗೆ ಧೈರ್ಯ ಬಂತು. ಕನ್ನಡದಲ್ಲಿ ಕಾಮಿಕ್ಸ್ ಓಡೋದಿಲ್ಲ ಅನ್ನುವವರಿಗೆ ಈ ಹತ್ತು ಪುಸ್ತಕಗಳೇ ಉತ್ತರ. 1949ರಿಂದ ಕನ್ನಡದಲ್ಲೂ ಬಂದು ಮನೆಮನೆಯ ಬೇತಾಳನಾಗಿದ್ದ 'ಚಂದಮಾಮ' ಈಗ ನಿಂತಿದೆ. ಹೊಸ ಬೇತಾಳ ಯಾವ ಹೆಗಲಿಗೂ ಹತ್ತಿಲ್ಲ.

ಹಾಗಾಗಿ ಈಗಿನ ಮಕ್ಕಳ ಕಾರ್ಟೂನ್ ಚೆನ್ನಾಗಿಲ್ಲ ಅಂತ ಗೊಣಗಬೇಡಿ. ಲಡ್ಡು ತಿಂದು ಗುದ್ದುವ ಛೋಟಾ ಭೀಮ್ ಅವರ ಪಾಲಿಗೆ ಸಾಹಸಿಯೇ. ಇವತ್ತು ಹಲವು ಕಾರ್ಯಕ್ರಮಗಳಿಗೆ ಕನ್ನಡ ಧ್ವನಿ ಸಿಗುತ್ತೆ, ರಿಮೋಟ್‌ನ ಭಾಷೆ ಗುಂಡಿ ಒತ್ತಿದರೆ ಸಾಕು. ಎಷ್ಟು ಮನೆಯಲ್ಲಿ ಒತ್ತುತ್ತಾರೆ ಅನ್ನೋದರ ಮೇಲೆ ಮುಂದಿನ ಕಾರ್ಟೂನ್ ಕನ್ನಡದಲ್ಲಿ ಬರುತ್ತೋ ಇಲ್ಲವೋ ನಿರ್ಧಾರವಾಗುತ್ತೆ. ಗುಂಡಿ ಒತ್ತಬೇಕಾದವರು ಮಕ್ಕಳಲ್ಲ, ನಾವು.