ದುಡ್ಡು ಕೊಟ್ಟು ಕೂಲಿ ಮಾಡಿದ ಭಾನುವಾರ

ಕಳೆದ ಏಪ್ರಿಲ್‌ನಲ್ಲಿ ಅಪ್ಪ ಸಿಡ್ನಿಗೆ ಬಂದಿದ್ದರು. ದೇವನಹಳ್ಳಿ ಹತ್ತಿರ ನಮ್ಮದು ಎರಡು ಎಕರೆ ದ್ರಾಕ್ಷಿ ತೋಟ, ಬೇಲಿ ಪಕ್ಕದಲ್ಲಿ ನಾಲ್ಕು ಚಕ್ಕೋತದ ಮರ. ಮೊಮ್ಮಗಳಿಗೆ ಚಕ್ಕೋತ ತಂದೇ ತರುತ್ತೇನೆ ಎಂದು ಹಟ ಹಿಡಿದಿದ್ದವರನ್ನು, ಇಲ್ಲಿ ಏರ್‌ಪೋರ್ಟಿನಲ್ಲೇ ಹಣ್ಣು ಕಿತ್ತುಕೊಳ್ಳುತ್ತಾರೆ, ಹೇಳದೆ ತಂದರೆ ದಂಡ ಬೇರೆ ಹಾಕುತ್ತಾರೆ ಎಂದು ಹೆದರಿಸಿ ತಡೆದಿದ್ದೆ. ಬಂದ ಮೇಲೆ ಆಪೆರಾ ಹೌಸ್, ಹಾರ್ಬರ್ ಬ್ರಿಜ್ ಎಲ್ಲ ತೋರಿಸಿದ್ದಾಯಿತು. "ಚೆನ್ನಾಗಿದೆ" ಅಂದರು, ಅಷ್ಟೆ. ಎರಡೇ ವಾರಕ್ಕೆ ಮನೆಯೊಳಗೆ ಕೂತು ಕೂತು ಬೇಸತ್ತರು. ಸರಿ, ಬಿಲ್ಪಿನ್‌ಗೆ ಹೊರಟೆವು.

ಬಿಲ್ಪಿನ್ ಗೊತ್ತಲ್ಲ? ರಿಚ್ಮಂಡ್, ಕುರ್ರಾಜಾಂಗ್ ದಾಟಿ ಬೆಲ್ಸ್ ಲೈನ್ ರಸ್ತೆಯಲ್ಲಿ ಬೆಟ್ಟ ಹತ್ತಿದರೆ ಸಿಗುವ ಸೇಬಿನ ಊರು. ಸಿಡ್ನಿಯಿಂದ ಸುಮಾರು ಒಂದೂವರೆ ಗಂಟೆ ದಾರಿ. ಅಲ್ಲಿ ಕೆಲವು ಕುಟುಂಬಗಳು ತೋಟದ ಬಾಗಿಲು ತೆರೆದು "ನೀವೇ ಕಿತ್ತುಕೊಳ್ಳಿ" ಎನ್ನುತ್ತವೆ. ನಾವು ಹೋದ ತೋಟದಲ್ಲಿ ತಾಯಿ ಗೇಟಿನ ಹತ್ತಿರ ತಕ್ಕಡಿ ಇಟ್ಟುಕೊಂಡು ಕೂತಿದ್ದರು, ಮಗ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಯಜಮಾನರು ಮರಗಳ ನಡುವೆ ಓಡಾಡುತ್ತಿದ್ದರು.

ನಾನು ಪ್ರವೇಶಕ್ಕೆ ದುಡ್ಡು ಕೊಟ್ಟಿದ್ದನ್ನು ನೋಡಿ ಅಪ್ಪನಿಗೆ ಆಶ್ಚರ್ಯ. "ಅಲ್ಲಯ್ಯಾ, ಹಣ್ಣು ಕೀಳೋಕೆ ನಾವು ಆಳಿಗೆ ಕೂಲಿ ಕೊಡ್ತೀವಿ. ಇಲ್ಲಿ ಕೀಳೋರೇ ದುಡ್ಡು ಕೊಟ್ಟು ಒಳಗೆ ಹೋಗ್ಬೇಕಾ? ನಿಮಗೆಲ್ಲ ಚೆನ್ನಾಗಿ ಟೋಪಿ ಹಾಕ್ತಾವ್ರೆ ಬಿಡು!"

ನನಗೆ ನಗು ಬಂತು. ನಾನು ಮೊದಲು ಕೆಲಸಕ್ಕೆ ಸೇರಿದ್ದು ಮೆಲ್ಬರ್ನ್‌ನಲ್ಲಿ. ಬ್ಯಾಚುಲರ್ ದಿನಗಳಲ್ಲಿ ಗೆಳೆಯರೆಲ್ಲ ಸೇರಿ ಮಾರ್ನಿಂಗ್‌ಟನ್ ಪೆನಿನ್ಸುಲಾದ ಸ್ಟ್ರಾಬೆರಿ ತೋಟಕ್ಕೆ, ಡಿಸೆಂಬರ್‌ನಲ್ಲಿ ಯಾರಾ ಕಣಿವೆಯ ಕಡೆ ಚೆರ್ರಿ ಕೀಳಲು ಹೋಗುತ್ತಿದ್ದೆವು. ಟಿಕೆಟ್ಟಿನ ದುಡ್ಡು ಹೊಟ್ಟೆಯಲ್ಲೇ ವಸೂಲಿ ಮಾಡುವುದು ನಮ್ಮ ಗುರಿ! ಆ ತೋಟದವರ ಲೆಕ್ಕಾಚಾರ ಏನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಪ್ಪ ಯೋಚಿಸಿದರು. ಯಜಮಾನರನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳತೊಡಗಿದರು, ನಾನು ದುಭಾಷಿ. ಮಂಡಿಗೆ ಯಾಕೆ ಹಾಕಲ್ಲ? ಆಸ್ಟ್ರೇಲಿಯಾದ ಸೂಪರ್‌ಮಾರ್ಕೆಟ್ ವ್ಯಾಪಾರದಲ್ಲಿ ಮೂರರಲ್ಲಿ ಎರಡು ಪಾಲು ವುಲ್‌ವರ್ತ್ಸ್ ಮತ್ತು ಕೋಲ್ಸ್ ಕೈಯಲ್ಲಿದೆ. ಗಾತ್ರ, ಬಣ್ಣ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಅಂಗಡಿಗೆ ಹಣ್ಣು ಬೇಡ. ಇಲ್ಲಿ ಕೀಳುವ ಕೂಲಿ ದುಬಾರಿ. ಅದರ ಮೇಲೆ ಪ್ಯಾಕಿಂಗ್, ಶೀತಲಗೃಹ, ಲಾರಿ ಬಾಡಿಗೆ. ಗಿರಾಕಿ ತಾನೇ ಬಂದು ಕಿತ್ತರೆ ಅಷ್ಟೂ ಖರ್ಚು ಉಳಿಯುತ್ತದೆ, ಸೊಟ್ಟ ಸೇಬೂ ಬುಟ್ಟಿಗೆ ಬೀಳುತ್ತದೆ. ಮಳೆ ಬಂದ ಭಾನುವಾರ ಮಾತ್ರ ಯಾರೂ ಬರುವುದಿಲ್ಲ.

ಅಪ್ಪ ತಲೆದೂಗಿದರು. "ನಮ್ಮ ಹಾಪ್‌ಕಾಮ್ಸೂ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಶುರುವಾಗಿದ್ದು ಇದಕ್ಕೇ ಅಲ್ವಾ! ನಡುವಿನವರು ತಿನ್ನಬಾರದು ಅಂತ."

ಆಮೇಲೆ ಮಾತು ಕಷ್ಟಗಳ ಕಡೆ ತಿರುಗಿತು. 2019ರ ಡಿಸೆಂಬರ್‌ನಲ್ಲಿ ಗಾಸ್ಪರ್ಸ್ ಮೌಂಟನ್ ಕಾಡ್ಗಿಚ್ಚು ಬಿಲ್ಪಿನ್‌ವರೆಗೂ ಬಂದಿತ್ತು. ಆ ಒಂದೇ ಬೆಂಕಿ 5 ಲಕ್ಷ ಹೆಕ್ಟೇರಿಗೂ ಹೆಚ್ಚು ಸುಟ್ಟಿತು. 2022ರಲ್ಲಿ ನ್ಯೂಕ್ಯಾಸಲ್ ಬಂದರಿನಲ್ಲಿ ಜೇನುನೊಣಗಳನ್ನು ಕಾಡುವ ವರೋವಾ ನುಸಿ ಸಿಕ್ಕಿತು, ಮರುವರ್ಷ ಸರ್ಕಾರ ಅದನ್ನು ನಿರ್ಮೂಲ ಮಾಡುವ ಪ್ರಯತ್ನವನ್ನೇ ಕೈಬಿಟ್ಟಿತು. ಜೇನಿಲ್ಲದೆ ಸೇಬು ಕಚ್ಚುವುದು ಹೇಗೆ?

ಕೊನೆಗೆ ಅಪ್ಪ ಕೇಳಿದರು, "ಮುಂದೆ ಮಗ ನೋಡ್ಕೊಳ್ತಾನಾ ಕೇಳು."

ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸುವಾಗ ನನ್ನ ನಾಲಿಗೆ ತಡವರಿಸಿತು. ಯಾಕೆಂದರೆ 2008ರಲ್ಲಿ ವಿಮಾನ ನಿಲ್ದಾಣ ಬಂದಾಗಿನಿಂದ ನಮ್ಮ ಮನೆಗೆ ಬ್ರೋಕರುಗಳು ಬರುವುದು ನಿಂತೇ ಇಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ಫೋನಿನಲ್ಲಿ "ಮಾರಿಬಿಡಿ ಅಪ್ಪಾ, ಈ ವಯಸ್ಸಿನಲ್ಲಿ ಯಾಕೆ ಕಷ್ಟ" ಎನ್ನುತ್ತಿದ್ದವನು ನಾನೇ.

ಯಜಮಾನರು ನಕ್ಕರು. ಮಗನಿಗೆ ಸಿಡ್ನಿಯಲ್ಲಿ ಆಫೀಸ್ ಕೆಲಸವಂತೆ, ಸೀಸನ್ನಿನಲ್ಲಿ ಮಾತ್ರ ವಾರಾಂತ್ಯಕ್ಕೆ ಬಂದು ಟ್ರ್ಯಾಕ್ಟರ್ ಓಡಿಸುತ್ತಾನಂತೆ. ಮುಂದಿನದು ಅವರಿಗೂ ಗೊತ್ತಿಲ್ಲ. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ, ಮೊಮ್ಮಗಳ ಕೈ ಹಿಡಿದು ಮರದ ಹತ್ತಿರ ಹೋದರು.

ಬುಟ್ಟಿಯಲ್ಲಿ ಹೆಚ್ಚಿಗೆ ಇದ್ದದ್ದು ಹಸಿರು ಗ್ರ್ಯಾನಿ ಸ್ಮಿತ್. ವಾಪಸ್ ಬರುವಾಗ ಈಸ್ಟ್‌ವುಡ್‌ನಲ್ಲಿ ಕಾಫಿಗೆ ನಿಂತೆವು. 1868ರ ಸುಮಾರಿಗೆ ಮರಿಯಾ ಆನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ ತಾನಾಗಿ ಹುಟ್ಟಿದ ಸಸಿಯಿಂದ ಬಂದ ತಳಿ ಇದು, ಅದು ಇದೇ ಊರಿನಲ್ಲಿ ಎಂದೆ. "ತೋಟ ಎಲ್ಲಿ?" ಎಂದು ಸುತ್ತ ನೋಡಿದರು. ಬರೀ ಮನೆ, ಅಂಗಡಿ. ಅಜ್ಜಿಯ ಹೆಸರಲ್ಲಿ ಅಕ್ಟೋಬರ್‌ನಲ್ಲಿ ಹಬ್ಬ ಮಾಡುತ್ತಾರೆ ಎಂದೆ. "ಹೂಂ, ಹೆಸರಾದ್ರೂ ಉಳೀತಲ್ಲ" ಅಂದರು.

ಅಪ್ಪ ಊರಿಗೆ ಹೋಗಿ ತಿಂಗಳುಗಳಾದವು. ತೋಟ ಇನ್ನೂ ಇದೆ. ನಾನು ಹೋಗಿ ನೋಡಿಕೊಳ್ಳುತ್ತೇನೆ ಎಂದು ಹೇಳುವ ಧೈರ್ಯ ನನಗಿಲ್ಲ, ಸುಳ್ಳು ಯಾಕೆ? ಆದರೆ "ಮಾರಿಬಿಡಿ" ಎನ್ನುವುದನ್ನು ನಿಲ್ಲಿಸಿದ್ದೇನೆ. ಮುಂದಿನ ಕೊಯ್ಲಿಗೆ ಮೂವರೂ ಊರಿಗೆ ಹೋಗಲು ರಜೆ ಹಾಕಿದ್ದೇವೆ.

ನೀವೂ ಒಮ್ಮೆ ಹೋಗಿ ಬನ್ನಿ. ಬಿಲ್ಪಿನ್ ಸೇಬಿಗೆ ಫೆಬ್ರವರಿಯಿಂದ ಮೇ, ಮೆಲ್ಬರ್ನಿನವರಿಗೆ ಚೆರ್ರಿ ನವೆಂಬರ್ ಕೊನೆಯಿಂದ. ಹೊರಡುವ ಮೊದಲು ಫೋನ್ ಮಾಡಿ ಹಣ್ಣಿದೆಯೇ ಕೇಳಿಕೊಳ್ಳಿ. ಟೋಪಿ, ಶೂ ಮರೆಯಬೇಡಿ. ಮಕ್ಕಳಿಗೆ ಅಪ್ಪ ನನ್ನ ಮಗಳಿಗೆ ಹೇಳಿಕೊಟ್ಟದ್ದನ್ನೇ ಹೇಳಿಕೊಡಿ: ಸೇಬನ್ನು ಜಗ್ಗಬೇಡಿ, ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಮೆಲ್ಲಗೆ ತಿರುಗಿಸಿ. ಮುಂದಿನ ವರ್ಷದ ಮೊಗ್ಗು ಅದರ ಬುಡದಲ್ಲೇ ಇರುತ್ತದೆ.