ಮೂರು ಹುಲಿ, ಹದಿನೈದು ಕುರಿ, ಒಂದು ಮೊಬೈಲು

ಮಳೆಗಾಲದಲ್ಲಿ ನೀವು ಅಣಶಿ ಕಡೆಗೆ ಬಂದಿದ್ದೀರಾ? ಜೋಯಿಡಾದಿಂದ ಕದ್ರಾ ಕಡೆ ಘಟ್ಟ ಇಳಿಯುವ ದಾರಿಯಲ್ಲಿ, ದಟ್ಟ ಕಾಡಿನ ನಡುವೆ ಇರುವ ಸಣ್ಣ ಊರು. ಸುತ್ತಲೂ ಹುಲಿಯ ಸೀಮೆ. 1987ರಲ್ಲಿ ಇಲ್ಲಿಯ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿಯ ಅಭಯಾರಣ್ಯದೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರಿಟ್ಟರು. ಆಷಾಢದ ಮಳೆ ಹಿಡಿಯಿತೆಂದರೆ ಇಲ್ಲಿ ಮೊದಲು ಕರೆಂಟು ಹೋಗುತ್ತದೆ. ಅದರ ಬೆನ್ನಿಗೇ ಮೊಬೈಲಿನ ಜೀವವೂ ಹೋಗುತ್ತದೆ!

ಅಂಥದೊಂದು ಮಳೆಯ ದಿನ ಈ ಕಡೆಯ ಒಂದು ಮನೆಯಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕು. ಆ ಮನೆಯ ಹುಡುಗ ಎಂಟನೇ ಇಯತ್ತೆ. ಶಾಲೆಯಿಂದ ಬಂದವನೇ ಮೊಬೈಲು ಹಿಡಿದು ಯುದ್ಧಕ್ಕೆ ಕೂರುವವ. ತಾಯಿ ಬೈದರೆ, "ನಿಂಗೆಂತ ಗೊತ್ತು ಅಮ್ಮಾ? ಇದು ತಲೆ ಓಡಿಸೋ ಆಟ" ಅನ್ನುತ್ತಾನೆ. ತಂದೆ ಒಂದು ದಿನ ಅದನ್ನು ಕಲ್ಲಿಗೆ ಬಡಿಯಲು ಹೊರಟಿದ್ದರು. ತಾಯಿ ಮಗನ ನಡುವೆ ಮಾತೇ ನಿಂತು ವಾರವಾಗಿತ್ತು.

ನಿಮ್ಮ ಮನೆಯಲ್ಲೂ ಹೀಗೇ ಇದೆ ಅಂತೀರಾ? ಹಾಗಾದರೆ ಮುಂದೆ ಓದಿ. ಹುಡುಗನ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಆ ಮೊಬೈಲಿನೊಳಗೆ ನಡೆಯುವುದೇನು ನೋಡೋಣ. ಫಿನ್ಲೆಂಡ್ ದೇಶದ ಕಂಪನಿಯೊಂದು 2012ರಲ್ಲಿ ತಂದ 'ಕ್ಲ್ಯಾಶ್ ಆಫ್ ಕ್ಲ್ಯಾನ್ಸ್' ಎಂಬ ಆಟವಿದೆ. ಬೆಂಕಿಯುಗುಳುವ ಡ್ರ್ಯಾಗನ್, ಬಿಲ್ಲುಗಾರ್ತಿಯರು, ಮಂತ್ರವಾದಿಗಳು, ಎಲ್ಲರೂ ಇದ್ದಾರೆ. ಎದುರಿನವರ ಕೋಟೆಯ ಮುಂದೆ ಸೈನ್ಯ ಇಳಿಸಿದರೆ ಮುಕ್ಕಾಲು ಪಾಲು ಅದೇ ಹೋಗಿ ಹೊಡೆದಾಡುತ್ತದೆ. ಎಲ್ಲಿ, ಯಾವಾಗ ಇಳಿಸಬೇಕು ಎಂಬುದರಲ್ಲಿ ಜಾಣತನವಿದೆ, ಒಪ್ಪೋಣ. ಆದರೆ ಸೈನ್ಯ ಬಲವಾಗಬೇಕಾದರೆ ದಿನಗಟ್ಟಲೆ ಕಾಯಬೇಕು. ಕಾಯಲಾರದವರು ದುಡ್ಡು ಕೊಟ್ಟು ಮುಂದೆ ಹೋಗಬಹುದು.

ಇನ್ನೊಂದು ಬಗೆಯದೂ ಇದೆ. ಜಪಾನಿನಲ್ಲಿ 1990ರಲ್ಲಿ ಶುರುವಾದ 'ಫೈರ್ ಎಂಬ್ಲಮ್' ಚದುರಂಗದ ಹಾಗೆ ಸರದಿಯ ಆಟ. ಆ ಸರಣಿಯ ಹಲವು ಆಟಗಳಲ್ಲಿ ಒಂದು ಸರಳ ನಿಯಮವಿದೆ: ಕತ್ತಿಗೆ ಕೊಡಲಿ ಸೋಲುತ್ತದೆ, ಕೊಡಲಿಗೆ ಈಟಿ ಸೋಲುತ್ತದೆ, ಈಟಿಗೆ ಕತ್ತಿ ಸೋಲುತ್ತದೆ. ಚಿಕ್ಕ ಮಗುವಿಗೂ ತಿಳಿಯುವಂಥದು. ಆದರೆ ಯಾರನ್ನು ಮುಂದೆ ನಿಲ್ಲಿಸಬೇಕು, ಯಾರನ್ನು ಹಿಂದೆ ಉಳಿಸಬೇಕು ಎಂದು ಯೋಚಿಸುತ್ತ ಹೋದರೆ ಅರ್ಧ ಗಂಟೆ ಸಾಲದು.

ಅಂದರೆ ಆಟದ ಆಳ ಇರುವುದು ಡ್ರ್ಯಾಗನ್ನುಗಳ ಲೆಕ್ಕದಲ್ಲಲ್ಲ. ಇದನ್ನು ಆ ಹುಡುಗನಿಗೆ ತಿಳಿಸಿಕೊಟ್ಟವರು ಯಾರು ಗೊತ್ತೇ? ಅವನ ಅಜ್ಜಿ!

ಕರೆಂಟಿಲ್ಲದ ಎರಡನೆಯ ದಿನ ಅಜ್ಜಿ ಒಲೆಯ ಇದ್ದಿಲು ತಂದು ಜಗುಲಿಯ ಮೇಲೆ ಗೆರೆ ಎಳೆದರು. "ತಮಾ, ಬಾ ಇಲ್ಲಿ. ನೀನು ಹುಲಿ, ನಾನು ಕುರಿ" ಎಂದರು. ಹುಡುಗ ನಕ್ಕ. ಹುಲಿ ತನ್ನದಾದ ಮೇಲೆ ಸೋಲುವುದೆಲ್ಲಿ ಬಂತು?

ಹುಲಿ-ಕುರಿ ಆಟ ಮರೆತವರು ಹೀಗೆ ಬರೆದುಕೊಳ್ಳಿ. ಮೇಲೆ ಒಂದು ತುದಿ. ಅಲ್ಲಿಂದ ಕೆಳಕ್ಕೆ ಹರಡಿದ ನಾಲ್ಕು ಗೆರೆ. ಅವನ್ನು ದಾಟುವ ಮೂರು ಅಡ್ಡಗೆರೆ, ಎರಡೂ ಬದಿಗೆ ಸ್ವಲ್ಪ ಹೊರಚಾಚಿರಲಿ. ಆಯಾ ಬದಿಯ ಮೂರು ತುದಿಗಳನ್ನು ಒಂದೊಂದು ಉದ್ದ ಗೆರೆಯಿಂದ ಕೂಡಿಸಿ. ಕೆಳಗೆ ನಾಲ್ಕು ಗೆರೆಗಳ ಬುಡ ಕೂಡಿಸಲು ಇನ್ನೊಂದು ಅಡ್ಡಗೆರೆ. ಗೆರೆ ಕೂಡುವ ಜಾಗಗಳನ್ನು ಎಣಿಸಿ, 23 ಬಂದರೆ ಸರಿಯಾಯಿತು. ಹುಲಿಗೆ ಮೂರು ಕಲ್ಲು, ಕುರಿಗೆ ಹದಿನೈದು ಹುಣಸೆ ಬೀಜ.

ಹುಲಿಗಳಲ್ಲಿ ಒಂದನ್ನು ತುದಿಯಲ್ಲಿ, ಎರಡನ್ನು ಅದರ ಕೆಳಗಿನ ಅಡ್ಡಗೆರೆಯ ನಡುವಿನ ಎರಡು ಜಾಗದಲ್ಲಿ ಇಡಿ. ಕುರಿಯವರು ಸರದಿಗೊಂದು ಕುರಿ ಇಡಬೇಕು. ಹದಿನೈದೂ ಇಟ್ಟು ಮುಗಿಯುವ ತನಕ ಇಟ್ಟ ಕುರಿ ಕದಲುವಂತಿಲ್ಲ. ಹುಲಿ ಸರದಿಗೊಂದು ಹೆಜ್ಜೆ ನಡೆಯಬಹುದು, ಇಲ್ಲವೆ ಪಕ್ಕದ ಕುರಿಯ ಆಚೆ ಅದೇ ಗೆರೆಯಲ್ಲಿ ಜಾಗ ಖಾಲಿಯಿದ್ದರೆ ಹಾರಿ ಆ ಕುರಿಯನ್ನು ತಿನ್ನಬಹುದು. ಮೂರು ಹುಲಿಯೂ ಕದಲದಂತಾದರೆ ಕುರಿಗೆ ಗೆಲುವು. ಆರು ಕುರಿ ಹೋದರೆ ಹುಲಿಗೆ ಗೆಲುವೆಂದು ಮೊದಲೇ ಮಾತಾಡಿಕೊಳ್ಳಿ.

ಅಷ್ಟೇ ನಿಯಮ. ಸಾರಿನ ಪುಡಿ ಮಾಡುವ ವಿಧಾನಕ್ಕಿಂತ ಚಿಕ್ಕದು! ಆದರೆ ಆ ದಿನ ಅಜ್ಜಿ ಮೊದಲ ಕುರಿಗಳನ್ನು ಗೆರೆ ಮುಗಿಯುವ ಮೂಲೆಗಳಲ್ಲಿಟ್ಟರು, ಅಲ್ಲಿ ಹಾರಲು ಆಚೆ ಜಾಗವಿಲ್ಲವಲ್ಲ. ಮುಂದಿನವನ್ನು ಒಂದರ ಬೆನ್ನಿಗೆ ಒಂದಾಗಿ ಜೋಡಿಸಿದರು. ಬೇಕೆಂದೇ ಒಂದು ಕುರಿಯನ್ನು ಬಿಟ್ಟುಕೊಟ್ಟರು. ಮೊಮ್ಮಗ ಆಸೆಬಿದ್ದು ಹಾರಿದ. ಹುಲಿ ಮೂಲೆ ಸೇರಿತು. "ಎಂತಾ ತಮಾ, ಹೊಟ್ಟೆ ತುಂಬಿತೇ?" ಎನ್ನುತ್ತ ಅಜ್ಜಿ ಹಿಂದಿನ ದಾರಿ ಮುಚ್ಚಿದರು.

ಆಟ ಬದಲಿಸಿ ಹುಡುಗ ಕುರಿ ಹಿಡಿದ. ಆಗಲೂ ಸೋತ. ಮೂರನೆಯ ಆಟಕ್ಕೆ ಮುಂಚೆ ಅವನು ಕೇಳಿದ ಪ್ರಶ್ನೆ ಇದು: "ಅಜ್ಜಿ, ನಾನು ತಪ್ಪಿದ್ದು ಎಲ್ಲಿ?"

ಈ ಪ್ರಶ್ನೆಯನ್ನು ಗಮನಿಸಿ. ಮೊಬೈಲಿನಲ್ಲಿ ಸೋತಾಗ ಅವನು, "ನನ್ನ ಡ್ರ್ಯಾಗನ್ ಇನ್ನೂ ಸಣ್ಣದು" ಅನ್ನುತ್ತಿದ್ದ. ಇಲ್ಲಿ ದೂರಲು ದಾಳವಿಲ್ಲ, ಅದೃಷ್ಟವಿಲ್ಲ, ದುಡ್ಡಿಲ್ಲ. ಸೋತರೆ ತಾನೇ ಇಟ್ಟ ನಡೆಯನ್ನು ಹುಡುಕಬೇಕು.

ಸರಳವೆಂದರೆ ಸಪ್ಪೆಯಲ್ಲ. ನೇಪಾಳದಲ್ಲೂ ಇಂಥದೇ 'ಬಾಘ್ ಚಾಲ್' ಎಂಬ ಆಟವಿದೆ. ನಾಲ್ಕು ಹುಲಿ, 20 ಆಡು. ಎರಡೂ ಕಡೆ ತಪ್ಪಿಲ್ಲದೆ ಆಡಿದರೆ ಆ ಆಟ ಸಮವಾಗುತ್ತದೆ ಎಂದು ಕಂಡುಹಿಡಿಯಲು ಕಂಪ್ಯೂಟರುಗಳೇ ಬೇಕಾದವು!

ಹಾಗೆಯೇ ಬಲು ಬಗೆಯದೆಲ್ಲ ಆಳವೆಂದೂ ಅಲ್ಲ. ಆಟಗಳೆಂದರೆ ಪ್ರಾಣವಾಗಿದ್ದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ದೇವದೇವತೆಯರ ಚಿತ್ರದ ಎಲೆಯಾಟಗಳನ್ನು ಹೆಣೆದಿದ್ದರು. ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360! ಸೊಗಸಿಗೆ ಸಾಟಿಯಿಲ್ಲ. ಆದರೆ 360 ಎಲೆಯನ್ನು ಯಾವ ಅಡಿಗೆಮನೆಯ ಕಟ್ಟೆಯ ಮೇಲೆ ಹರಡುವುದು ಹೇಳಿ? ಇದ್ದಿಲಿನ ಗೆರೆಯಾದರೆ ಎಲ್ಲಿ ಬೇಕಾದರೂ ಆದೀತು. ಹಂಪೆಯ ಕಲ್ಲುಹಾಸುಗಳಲ್ಲಿ ಕೊರೆದ ಆಟದ ಮನೆಗಳನ್ನು ಈಗಲೂ ಕಾಣಬಹುದು.

ಆದುದರಿಂದ ಮಗನ ಮೊಬೈಲು ಕಸಿಯುವ ಮೊದಲು ಪಕ್ಕದಲ್ಲಿ ಕೂತು ಮೂರು ಮಾತು ಕೇಳಿ. ಇದನ್ನು ನನಗೆ ಐದು ನಿಮಿಷದಲ್ಲಿ ಕಲಿಸುತ್ತೀಯಾ? ಬಲ ಕಡಿಮೆಯಿದ್ದವನೂ ಬುದ್ಧಿಯಿಂದ ಗೆಲ್ಲಬಹುದೇ? ಸೋತರೆ ತಪ್ಪು ಎಲ್ಲಿ ಎಂದು ತೋರಿಸುತ್ತೀಯಾ? ಮೂರಕ್ಕೂ ಹೌದೆಂದರೆ ಹೊತ್ತು ಗೊತ್ತುಮಾಡಿ ಆಡಲು ಬಿಡಿ, ಅದು ಒಳ್ಳೆಯ ಆಟವೇ. ಉತ್ತರ ಬರೀ "ಇನ್ನಷ್ಟು ಕಾಯಬೇಕು, ಇನ್ನಷ್ಟು ಕೊಳ್ಳಬೇಕು" ಎಂದಾದರೆ ಬಣ್ಣಕ್ಕೆ ಮರುಳಾಗಬೇಡಿ.

ಆ ಮನೆಗೆ ನಾಲ್ಕನೆಯ ದಿನ ಕರೆಂಟು ಬಂತು. ಹುಡುಗ ಮೊಬೈಲು ಚಾರ್ಜಿಗೆ ಹಾಕಿದ. ತಾಯಿ ಬೈಯಲಿಲ್ಲ. "ನಂಗೂ ಸ್ವಲ್ಪ ತೋರಿಸು, ಅದರಲ್ಲಿ ಗೆಲ್ಲೂದು ಹೇಗೆ?" ಎಂದರು. ಅವನು ತುಸು ಯೋಚಿಸಿ, "ಅದು ಆಮೇಲೆ. ಮೊದಲು ನೀನು ಕುರಿ ಇಡು, ಅಮ್ಮಾ" ಎಂದ.

ಇದ್ದಿಲು ನಿಮ್ಮ ಮನೆಯಲ್ಲಿಲ್ಲದಿದ್ದರೆ ಚಾಕ್‌ಪೀಸು ಸಾಕು. ಈ ಭಾನುವಾರವೇ ಒಂದು ಕೈ ನೋಡಿ, ಏನಂತೀರಿ?