ಡ್ರೈ ಡೇ: ಅಂಗಡಿಗಷ್ಟೇ ಅಲ್ಲ, ಬಡಿಸುವ ಕೈಗೂ

2024ರ ಏಪ್ರಿಲ್ 26ರಂದು ಮೈಸೂರು–ಕೊಡಗು ಲೋಕಸಭಾ ಕ್ಷೇತ್ರಕ್ಕೆ ಮತದಾನ. ಮತಗಟ್ಟೆ ಮುಚ್ಚುವುದು ಸಂಜೆ ಆರಕ್ಕೆ. ಅದಕ್ಕೆ 48 ಗಂಟೆ ಮೊದಲಿನಿಂದ ಕ್ಷೇತ್ರದಾದ್ಯಂತ ಮದ್ಯ ಬಂದ್. ಸೋಮವಾರಪೇಟೆ ಸೀಮೆಯ ಮಾದಾಪುರಕ್ಕೂ ಅದೇ ನಿಯಮ. ಹಿಂದಿನ ವರ್ಷ ಮೇ 10ರ ವಿಧಾನಸಭಾ ಚುನಾವಣೆಗೂ ಇದೇ ಲೆಕ್ಕ. ಎರಡೂ ಬಂದದ್ದು ಬೇಸಿಗೆಯ ಮದುವೆ ಕಾಲದಲ್ಲಿ.

ತೊಡಕಿರುವುದು ಇಲ್ಲೇ. ನಿಷೇಧ ಮಾರಾಟಕ್ಕೆ ಮಾತ್ರ, ಮೊದಲೇ ತಂದಿಟ್ಟುಕೊಂಡರೆ ಮದುವೆ ಮನೆಗೆ ಅಡ್ಡಿಯಿಲ್ಲ ಎಂದು ಅನೇಕರು ನಂಬಿದ್ದಾರೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಸಿ ಸೆಕ್ಷನ್ ಹಾಗೆ ಹೇಳುವುದಿಲ್ಲ. ಮಾರುವುದರ ಜೊತೆಗೆ ಕೊಡುವುದನ್ನೂ ಹಂಚುವುದನ್ನೂ ಅದು ತಡೆಯುತ್ತದೆ. ಜಾಗ ಸಾರ್ವಜನಿಕವಾಗಿರಲಿ, ಖಾಸಗಿಯಾಗಿರಲಿ, ವ್ಯತ್ಯಾಸವಿಲ್ಲ. ತನ್ನ ಮನೆಯಲ್ಲಿ ತಾನೊಬ್ಬನೇ ಕುಡಿಯುವುದನ್ನು ಈ ಸೆಕ್ಷನ್ ಹೆಸರಿಸಿಲ್ಲ. ಆದರೆ ಮಂಟಪದಲ್ಲಿ ನೆಂಟರಿಗೆ ಬಡಿಸುವವರು, ತೋಟದ ಲೈನ್‌ಮನೆಗೆ ಬಾಟಲಿ ಕಳಿಸುವವರು ಅದರ ಹಿಡಿತಕ್ಕೆ ಬರುತ್ತಾರೆ. ಶಿಕ್ಷೆ 6 ತಿಂಗಳವರೆಗಿನ ಸೆರೆ, ಇಲ್ಲವೇ 2,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಸಿಕ್ಕ ಮದ್ಯ ಜಪ್ತಿ.

ಚುನಾವಣೆ ಇಲ್ಲದಾಗಲೂ ಕೊಡಗಿನಲ್ಲಿ ಇಂಥ ದಿನಗಳು ಬರುತ್ತವೆ. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಭಾಗಮಂಡಲ, ತಲಕಾವೇರಿಯ ಸುತ್ತ ಜಿಲ್ಲಾಧಿಕಾರಿ ಮದ್ಯ ಮಾರಾಟ ನಿಲ್ಲಿಸುವುದು ರೂಢಿ. ಶಾಂತಿ ಕಾಪಾಡಲು ಅಂಗಡಿ ಮುಚ್ಚಿಸುವ ಅಧಿಕಾರ 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲೇ ಇದೆ. ಆದೇಶ ಮೀರಿ ಹಿಂಬಾಗಿಲಲ್ಲಿ ಮಾರಿದವರ ಲೈಸೆನ್ಸ್ ಅಮಾನತಾಗಬಹುದು, ರದ್ದೂ ಆಗಬಹುದು. ನಿಷೇಧಾಜ್ಞೆ ಉಲ್ಲಂಘಿಸಿದ ಸಾಮಾನ್ಯರಿಗೂ ಈಗ ಕಾನೂನು ಬಿಗಿಯಾಗಿದೆ. ಹಳೆಯ ಐಪಿಸಿ 188ರಲ್ಲಿ ಸಣ್ಣ ಸ್ವರೂಪದ ತಪ್ಪಿಗೆ ಒಂದು ತಿಂಗಳವರೆಗಿನ ಸೆರೆ ಅಥವಾ 200 ರೂಪಾಯಿವರೆಗಿನ ದಂಡವಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್ ಅದನ್ನು 6 ತಿಂಗಳು, 2,500 ರೂಪಾಯಿಗೆ ಏರಿಸಿದೆ.

ಇನ್ನು ವರ್ಷವಿಡೀ ಜಾರಿಯಲ್ಲಿರುವ ನಿಷೇಧ. ಪರವಾನಗಿ ಇಲ್ಲದ ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದನ್ನು ಅಬಕಾರಿ ಕಾಯ್ದೆಯ 15ಎ ತಡೆಯುತ್ತದೆ. ಮಾದಾಪುರದ ಕಡೆಯಿಂದ ಕೋಟೆಬೆಟ್ಟಕ್ಕೆ ಹೋಗುವವರು ದಾರಿಬದಿ ಕಾರು ನಿಲ್ಲಿಸಿ ಬಾಟಲಿ ತೆರೆದರೆ ಅದು ಇದರಡಿಯೇ ಬರುತ್ತದೆ. ಹೋಗಲಿ ಪಾಪ, ಗಿರಾಕಿ ಎಂದು ಲೋಟ, ನೀರು ಕೊಟ್ಟು ಕೂರಿಸಿಕೊಳ್ಳುವ ಸಣ್ಣ ಹೋಟೆಲಿನವರ ಮೇಲೂ ಪೊಲೀಸರು ಪ್ರಕರಣ ದಾಖಲಿಸುತ್ತಾರೆ. ಕುಡಿದವರು ಊರು ಬಿಟ್ಟು ಹೋಗುತ್ತಾರೆ, ಕೋರ್ಟಿಗೆ ಅಲೆಯುವುದು ಅಂಗಡಿಯವರ ಪಾಲು.

ಕುಡಿದು ಬೀದಿಯಲ್ಲಿ ರಂಪ ಮಾಡಿದರೆ ಐಪಿಸಿ ಕಾಲದಲ್ಲಿ ದಂಡ ಕೇವಲ 10 ರೂಪಾಯಿ. ನ್ಯಾಯ ಸಂಹಿತೆಯ 355ರಲ್ಲಿ ಅದು 1,000 ಆಗಿದೆ. 24 ಗಂಟೆಯ ಸೆರೆ ಹಾಗೇ ಉಳಿದಿದೆ, ಸಮುದಾಯ ಸೇವೆ ಹೊಸದಾಗಿ ಸೇರಿದೆ. ಇವುಗಳಲ್ಲಿ ನಿಜಕ್ಕೂ ಉಪಯೋಗವಾಗಬಲ್ಲದ್ದು ಆ ಸೇವೆಯೇ. ಸಾವಿರ ರೂಪಾಯಿ ಪ್ರವಾಸಿಗೆ ಭಾರವಲ್ಲ. ಹೊಳೆದಂಡೆಯ ಗಾಜಿನ ಚೂರು ಹೆಕ್ಕಿಸಿದರೆ ತೋಟದ ಕೆಲಸಗಾರರ ಕಾಲಾದರೂ ಉಳಿದೀತು.

ಬೆಟ್ಟ ಇಳಿಯುವಾಗ ಸ್ಟೇರಿಂಗ್ ಹಿಡಿದವರಿಗೆ ಮೋಟಾರು ವಾಹನ ಕಾಯ್ದೆಯ 185 ಬೇರೆಯೇ ಕಾದಿರುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯದ ಅಂಶ ಕಂಡರೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆ, ಅಥವಾ ಎರಡೂ; ಎರಡನೇ ಸಲ ಸಿಕ್ಕಿಬಿದ್ದರೆ 15,000 ರೂಪಾಯಿ, ಇಲ್ಲವೇ 2 ವರ್ಷದವರೆಗೆ ಸೆರೆ, ಅಥವಾ ಎರಡೂ.